ಸವಿತಾ, ಗಾಡಿ ಮಾರಸಬ್ಯಾಡ, ಬ್ರೇಕ್ ಆಯಿಲ್ ಬದಲಿ ಮಾಡಸು

ಸವಿತಾ, ಯವ್ವಾ, ನಿನ್ನ ಮೆಸೇಜ್ ಈಗ ನೋಡಿದೆ. "ಕಾಕಾರ, ಇವರು ಆ 2012ರ ಹೋಂಡಾ ಸಿಬಿಆರ್ 250 ಬೈಕ್ ತಗೊಂಡು ಮುಂದಿನ ವಾರ ಚೋರ್ಲಾ ಘಾಟ್ ಹಿಡದು ಗೋವಾಕ್ಕ ಹೊಂಟಾರ, ಹಳೇ ಗಾಡಿ, ನಂಗ ಅಂಜಿಕಿ ಆಗೇತಿ, ಮಾರಿ ಹೊಸಾದು ತಗೋರಿ ಅಂದ್ರ ಕೇಳವಲ್ರು, ನೀವರ ಹೇಳ್ರಿ" ಅಂತ ಹಾಕೀದಿ. ಟೈಪ್ ಮಾಡೋದು ನನಗ ಆಗಂಗಿಲ್ಲ, ಮಾತಾಡಿದ್ದನ್ನ ಫೋನ್ ಬರಕೊಳ್ಳತೈತಿ, ಉದ್ದ ಆದ್ರ ಎಲ್ಲಾರೂ ಸಮಾಧಾನದಿಂದ ಓದ್ರಿ. ನಿನ್ನ ಗಂಡ ಪ್ರವೀಣಗ ನಾ ಹೇಳತೇನಿ, ಆದ್ರ ಮಾರು ಅಂತ ಹೇಳಂಗಿಲ್ಲ. ಅಂವಾ ಹಟಕ್ಕ ಬಿದ್ದು ಆ ಗಾಡಿ ಇಟಗೊಂಡಿಲ್ಲ.

ಈಗ ಶೋರೂಮಿಗೆ ಹೋದ್ರ ಏನ ತೋರಸ್ತಾರ ಹೇಳು. ಒಂದು ರೇಸ್ ಗಾಡಿ, ಟಾಕಿ ಮ್ಯಾಲ ಬಗ್ಗಿ ಕೂಡಬೇಕು, ಕಿತ್ತೂರ ಮುಟ್ಟೂದ್ರಾಗ ಮುಂಗೈ ಹಿಡಕೋತಾವು, ಇಲ್ಲಾ ಎತ್ತರಂದ್ ಅಡ್ವೆಂಚರ್ ಗಾಡಿ, ನಮ್ಮ ಎತ್ತರದವರಿಗೆ ಸಿಗ್ನಲ್‌ನ್ಯಾಗ ಕಾಲು ನೆಲಕ್ಕ ಹತ್ತಂಗಿಲ್ಲ. ಸ್ಪೋರ್ಟ್ ಟೂರಿಂಗ್ ಅಂತಾರಲ್ಲ, ಅದು ಎರಡರ ನಡುವಿಂದು, ಹ್ಯಾಂಡಲ್ ಸ್ವಲ್ಪ ಮ್ಯಾಲ, ಸೊಂಟಕ್ಕ ಆರಾಮ, ಮುಂದ ಗಾಳಿ ತಡಿಯೂ ಕವಚ, ಅದಕ್ಕ ಫೇರಿಂಗ್ ಅಂತಾರ. ಯರಗಟ್ಟಿ ದಾಟಿ ಲೋಕಾಪುರ ಕಡೆ ಹೊಂಟ್ರ ಎರಡೂ ಕಡೆ ಬಯಲು, ಗಾಳಿ ಹೆಂಗ ಬಡೀತೈತಿ ಗೊತ್ತೈತಲ್ಲ, ಫೇರಿಂಗ್ ಇಲ್ಲದ ಗಾಡಿ ಮ್ಯಾಲ ಬಾಗಲಕೋಟಿ ಮುಟ್ಟೂದ್ರಾಗ ಕುತ್ತಿಗಿ ಎದಿ ಎಲ್ಲಾ ಬಿಗದ ಹೋಗಿರತೈತಿ, ಫೇರಿಂಗ್ ಇದ್ರ ಆ ಗಾಳಿ ಎದಿಗೆ ಬಡಿಯೂದು ಅರ್ಧಾ ಕಮ್ಮಿ. ಅವನ ಸಿಬಿಆರ್ ಅಂಥಾ ಗಾಡೀನ, 249 ಸಿಸಿ, ಒಂದ ಸಿಲಿಂಡರ್, ಕೂಲಂಟ್ ಇರೋ ಎಂಜಿನ್, ಆರು ಗೇರ್, 13 ಲೀಟರ್ ಟಾಕಿ, 90ರಾಗ ಹಚ್ಚಿದ್ರ ಮುಂಜಾನಿಂದ ಸಂಜಿತನಕ ಒಂದ ಸವನ ಓಡತೈತಿ. ಅದಕ್ಕಿಂತ ದೊಡ್ಡದು ಅಂದ್ರ ಅದರ ಪ್ರತಿಯೊಂದು ಸಪ್ಪಳ ಅವಂಗ ಗೊತ್ತು, ಚೈನ್ ಸಡಿಲಾದ್ರ ಕಿವೀಲೆ ಹೇಳತಾನ. ಹೊಸಾ ಗಾಡಿ ಜೋಡಿ ಆ ಸಲಗಿ ಆಗಾಕ ವರ್ಷಗಟ್ಟಲೆ ಬೇಕವ್ವ.

ಮಂಜ್ಯಾ ಜರ್ಮನಿಯಿಂದ ಫೋಟೋ ಹಾಕಿದ್ನಲ್ಲ ಇದ ಗ್ರೂಪ್‌ನ್ಯಾಗ, ಅವನ ಬಾಜೂ ಮನಿ ಅಜ್ಜಂದು ಹೋಂಡಾ ಎಸ್‌ಟಿ 1100, 1990ಕ್ಕ ಬಂದ ಮಾಡೆಲ್, ನಾಕ ಸಿಲಿಂಡರ್, ಚೈನೇ ಇಲ್ಲ ಶಾಫ್ಟ್ ಮ್ಯಾಲ ನಡೀತೈತಿ, ಟಾಕಿ 28 ಲೀಟರ್. ಕಂಪನಿ ಆ ಮಾಡೆಲ್ 2002ಕ್ಕ ಬಿಡ್ತು, ಆ ಅಜ್ಜ ಬಿಟ್ಟಿಲ್ಲ.

ಆದ್ರ ಸವಿತಾ, ನೀ ಅಂಜಬೇಕಾದ್ದು ಒಂದೈತಿ, ಅದು ಗಾಡಿ ವಯಸ್ಸಲ್ಲ, ಬ್ರೇಕ್ ಆಯಿಲ್. ನನ್ನ ಹಳದಿ ಕರಿಜ್ಮಾ ಬೈಕ್ ಎಲ್ಲಾರಿಗೂ ನೆನಪೈತಿ, 2003ಕ್ಕ ಆ ಮಾಡೆಲ್ ಬಂದಾಗ ಪಗಾರ ಕೂಡಿಸಿಟ್ಟು ತಗೊಂಡಿದ್ದು, 223 ಸಿಸಿ. ಆಮ್ಯಾಲ ಕೆಲವು ವರ್ಷಕ್ಕ ನಿಮ್ಮ ಕಾಕೂನ ಹಿಂದ ಕುಂದ್ರಿಸಿಕೊಂಡು ಗೋವಾಕ್ಕ ಹೊಂಟಿದ್ದೆ, ಹೊಂಡೂಕಿಂತ ಮುಂಚೆ ಪೂರಾ ಸರ್ವಿಸ್ ಮಾಡ್ಸಿದ್ದೆ, ಬಿಲ್‌ನ್ಯಾಗ ಬ್ರೇಕ್ ಆಯಿಲ್ ಬದಲಿ ಅಂತ ಬರದು ರೊಕ್ಕಾನೂ ತಗೊಂಡಿದ್ರು. ಜಾಂಬೋಟಿ ದಾಟಿ ಕಣಕುಂಬ್ಯಾಗ ಚಹಾ ಕುಡದ್ವಿ, ಚೋರ್ಲಾ ಮುಗದು ಗೋವಾ ಕಡೆ ಇಳಿಜಾರು ಚಾಲೂ ಆತು. ಮುಂದ ಒಂದು ಲೋಡ್ ಲಾರಿ, ಓವರ್‌ಟೇಕ್ ಮಾಡಾಕ ಜಾಗಾ ಇಲ್ಲ, ತಿರುವಿಗೊಮ್ಮೆ ಮುಂದಿನ ಬ್ರೇಕ್ ಹಿಡೀಬೇಕು ಬಿಡಬೇಕು. ಹಿಡಕೋತ ಹಿಡಕೋತ ಲಿವರ್ ಮೆತ್ತಗಾತು, ಮುಂದಿನ ತಿರುವಿನ್ಯಾಗ ಹಿಡದ್ರ ಸೀದಾ ಬಂದು ಗ್ರಿಪ್ಪಿಗೆ ಬಡೀತು. ಬ್ರೇಕೇ ಇಲ್ಲ! ಕಾಕೂ ಹಿಂದ ಏನೋ ಮಾತಾಡಾಕತ್ತಿದ್ಲು, ಅಕಿಗೆ ಗೊತ್ತ ಇಲ್ಲ. ಮೂರನೇ ಗೇರ್, ಎರಡನೇ ಗೇರ್ ಇಳಿಸಿದೆ, ಹಿಂದಿನ ಬ್ರೇಕ್ ಒತ್ತಿ ಗುಡ್ಡದ ಕಡೆ ಮಣ್ಣಿಗೆ ಹಚ್ಚಿ ನಿಲ್ಲಿಸಿದೆ. ಕೈ ನಡಗಾಕತ್ತಿದ್ವು.

ಇನ್ನ ಕೇಳು, ಅರ್ಧಾ ತಾಸು ನಿಂತ ಮ್ಯಾಲ ಲಿವರ್ ಹಿಡದ್ರ ಬ್ರೇಕ್ ತಾನ ತಿರುಗಿ ಬಂದಿತ್ತು, ಏನೂ ಆಗೇ ಇಲ್ಲ ಅನ್ನೂವಂಗ. ಅದನ್ನ ನಂಬಿ ಮತ್ತ ಜೋರಾಗಿ ಹೊಂಟವರು ಉಳಿಯಂಗಿಲ್ಲ. ಮೊದಲ ಗೇರಿನ್ಯಾಗ ಇಳದು ಸಾಖಳಿಗೆ ಹೋಗಿ ಒಬ್ಬ ಫಿಟ್ಟರ್‌ಗ ತೋರಿಸಿದೆ. ಹ್ಯಾಂಡಲ್ ಮ್ಯಾಲಿನ ಆಯಿಲ್ ಡಬ್ಬಿ ಮುಚ್ಚಳದ ಎರಡೂ ಸ್ಕ್ರೂ ಜಂಗ ಹಿಡದು ಕುಂತಿದ್ವು, ಸ್ಕ್ರೂಡ್ರೈವರ್ ಹಚ್ಚಿದ ಗುರುತ ಇಲ್ಲ, ಬಿಲ್ ನನ್ನ ಕಿಸೆದಾಗ ಐತಿ! ತಗದ್ರ ಒಳಗ ಆಯಿಲ್ ಚಹಾದ ಡಿಕಾಕ್ಷನ್ ಆಗೇತಿ. ಆ ಫಿಟ್ಟರ್ ಪುಣ್ಯಾತ್ಮ ತಿಳಿಸಿ ಹೇಳಿದ, ಬ್ರೇಕ್ ಆಯಿಲ್ ಗಾಳಿಯೊಳಗಿನ ನೀರಿನ ಪಸಿ ಎಳಕೋತೈತಿ, ನಮ್ಮ ಬೆಳಗಾವಿ ಮಳ್ಯಾಗಂತೂ ಕೇಳಬ್ಯಾಡ. ಡಾಟ್ 4 ಅಂತ ಬ್ರೇಕ್ ಆಯಿಲ್‌ನ ಒಂದು ದರ್ಜೆ, ಅದು ಹೊಸಾದಿದ್ರ 230 ಡಿಗ್ರಿ ತನಕ ಕುದಿಯಂಗಿಲ್ಲ, ನೀರು ಕುಡದದ್ದು 155ರ ಸುತ್ತ ಕುದೀತೈತಿ, ಘಾಟ್ ಇಳಿಯೂವಾಗ ಡಿಸ್ಕ್ ಕಾದು ಅಷ್ಟು ಬಿಸಿ ಆಗೇ ಆಗತೈತಿ. ಕುದ್ರ ಪೈಪ್‌ನ್ಯಾಗ ಆವಿ, ಆವಿ ಒತ್ತಿದ್ರ ಕುಗ್ಗತೈತಿ, ಬ್ರೇಕಿಗೆ ಜೋರು ಮುಟ್ಟಂಗಿಲ್ಲ.

ಅದಕ್ಕ ಹೇಳತೇನಿ, ಪ್ರವೀಣಗ ಹೇಳು, ಬ್ರೇಕ್ ಆಯಿಲ್ ಬದಲಿ ಆಗದ ಚೋರ್ಲಾ ಇಳಿಬ್ಯಾಡ. ನಾ ಉಳದದ್ದು ಯಾಕ ಗೊತ್ತೇನು, ನನ್ನ ಕರಿಜ್ಮಾಕ್ಕ ಹಿಂದ ಡ್ರಮ್ ಬ್ರೇಕ್, ರಾಡ್ ಮ್ಯಾಲ ನಡಿಯೂದು, ಅದಕ್ಕ ಆಯಿಲ್ ಸಂಬಂಧ ಇಲ್ಲ. ಅವನ ಸಿಬಿಆರ್‌ಗೆ ಎರಡೂ ಡಿಸ್ಕ್, ಎರಡೂ ಆಯಿಲ್ ಮ್ಯಾಲ.

ಇಷ್ಟಾದ್ರೂ ಮನಿಯವರು ಏನಂದ್ರು, "ಹಳೇ ಗಾಡಿ, ಜೀವಾ ತಗೀತಿತ್ತು". ಸರ್ವಿಸ್ ಮಾಡದ ರೊಕ್ಕಾ ತಗೊಂಡವರಿಗೆ ಒಬ್ಬರೂ ಒಂದು ಮಾತು ಅನಲಿಲ್ಲ. ವಿಜಯಪುರಕ್ಕ ನನ್ನ ಟ್ರಾನ್ಸ್‌ಫರ್ ಆದಾಗ ಗಾಡಿ ಅಥಣ್ಯಾಗ ಅಣ್ಣಾರ ಶೆಡ್‌ನ್ಯಾಗ ಬಿಟ್ಟು ಹೋಗಿದ್ದೆ, ಕವರ್ ಹಾಕಿ, ಬ್ಯಾಟರಿ ತಗದಿಟ್ಟು. ಹಬ್ಬಕ್ಕ ಬಂದ್ರ ಶೆಡ್ ಖಾಲಿ. ನನಗ ಕೇಳದ ವ್ಯವಹಾರ ಮುಗಿಸಿದ್ರು, ಗಾಡಿ ಹೆಸರು ಬದಲಿ ಮಾಡೂ ಫಾರ್ಮ್ 29, ಫಾರ್ಮ್ 30ಕ್ಕ ಸಹಿ ಹಾಕಾಕ ಅಷ್ಟ ನನ್ನ ಕರದ್ರು, ತಗೊಂಡಾಂವ ಮುಂದ ನಿಂತಿದ್ದ, ಅವನ ಮುಂದ ಅಣ್ಣಾರ ಮಾತು ಹೆಂಗ ಮೀರಲಿ. ಅಣ್ಣಾರು ಈ ಗ್ರೂಪ್‌ನ್ಯಾಗ ಅದಾರ, ಓದ್ಲಿ, ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ. ಆ ಹುಡುಗ ಬಟನ್ ಒತ್ತಿ ಚಾಲೂ ಮಾಡಿದ ಮೊದಲನೇ ಸಲಕ್ಕ ಹತ್ಕೊಂಡಿತು, ಅಂಥಾ ಎಂಜಿನ್ ಅದು. ಅಂದಿನಿಂದ ಎರಡು ಗಾಡಿ ಬದಲಿ ಮಾಡೀನಿ, ಮೈಲೇಜ್ ಕೊಡತಾವು, ಆದ್ರ ರವಿವಾರ ಮುಂಜಾನೆ ಸುಮ್ನ ಹಂಗ ಹೊರಗ ತಗೀಬೇಕು ಅನ್ನಿಸಿಲ್ಲ. ಅದಕ್ಕ ಪ್ರವೀಣನ ಗಾಡಿ ಮಾರಸಬ್ಯಾಡ ಅಂತೇನಿ, ಮಾರಿದ ಮ್ಯಾಲ ಅಂವಾ ನಿನಗ ಏನೂ ಅನ್ನಂಗಿಲ್ಲ, ಆದ್ರ ಮನಸ್ಸಿನ್ಯಾಗ ಉಳೀತೈತಿ.

ಮತ್ತ ಹೇಳತೇನಿ, ಬ್ರೇಕ್ ಆಯಿಲ್ ಬದಲಿ ಮಾಡ್ಸದ ಘಾಟ್ ಇಳಿಬ್ಯಾಡ, ಲಿವರ್ ಮೆತ್ತಗ ಅನ್ಸಿದ್ರ ಅಲ್ಲೇ ನಿಲ್ಲಸು ಅನ್ನು. ಹೊಸಾ ಗಾಡಿಗೂ ಇದ ಆಯಿಲ್, ಎರಡು ವರ್ಷಕ್ಕೊಮ್ಮೆ ತಗದು ಹಾಕಬೇಕು.

ಅಯ್ಯ, ಮಾಡೂದೇನು ಅಂತ ಹೇಳೂದ ಮರತೆ ನೋಡು. ಶನಿವಾರ ಮುಂಜಾನೆ ಗಾಡಿ ಫಿಟ್ಟರ್ ಕಡೆ ಒಯ್ಯಾಕ ಹೇಳು, ಬಿಟ್ಟು ಬರಬಾರದು, ನಿಂತು ಮಾಡ್ಸಬೇಕು. ಸೀಲ್ ಒಡಿಯದಿರೋ ಡಬ್ಬಿನ ಬೇಕು, ಗಾಡೀ ಮ್ಯಾಲಿನ ಆಯಿಲ್ ಡಬ್ಬಿ ಮುಚ್ಚಳದ ಮ್ಯಾಲ ಡಾಟ್ 3, ಡಾಟ್ 4 ಯಾವುದು ಬರದಾರ ಅದು, ಡಾಟ್ 5 ಬ್ಯಾಡ, ಅದರ ಜಾತೀನ ಬ್ಯಾರೆ. ಮುಂದ ಹಿಂದ ಎರಡೂ ಕಡೆ ಹಳೇದು ಪೂರಾ ಹೊರಗ ಬಂದು ತಿಳಿ ಆಯಿಲ್ ಕಾಣೂತನಕ ಬಿಡಬೇಕು, ಪೈಪ್‌ನ್ಯಾಗಿನ ಗಾಳಿ ತಗೀಬೇಕು, ರಬ್ಬರ್ ಪೈಪ್ ಬಗ್ಗಿಸಿ ನೋಡಬೇಕು, ಸೀಳಿದ್ರ ಬದಲಿ. ಟಾಯರ್ ಬಾಜೂಕ ನಾಕ ಅಂಕಿ ಇರತಾವು, 2316 ಅಂತಿದ್ರ 2016ರ 23ನೇ ವಾರದಾಗ ಆದದ್ದು, ಅಂಥಾ ಹಳೇದಿದ್ರ ಮ್ಯಾಲಿನ ಗೆರಿ ಕಟಿಂಗ್ ಚೊಲೋ ಕಂಡ್ರೂ ತಗಸ್ರಿ, ರಬ್ಬರ್ ಬಿರಸಾಗಿರತೈತಿ, ಮಳ್ಯಾಗ ಜಾರತೈತಿ. ಕೂಲಂಟ್ ಎಂಜಿನ್ ತಣ್ಣಗಿದ್ದಾಗ ನೋಡಬೇಕು. ಇಳಿಯೂವಾಗ ಎರಡು ಮೂರನೇ ಗೇರ್, ಬ್ರೇಕ್ ಒತ್ತಿ ಹಿಡಕೊಂಡ ಕೂಡಬಾರದು, ಹಿಡದು ಬಿಡಬೇಕು. ಫಿಟ್ಟರ್ ಯಾರು ಅಂತ ಕೇಳಿದ್ರ ನನಗ ಫೋನ್ ಹಚ್ಚಾಕ ಹೇಳು, ನಾನೂ ಬಂದು ನಿಂದರತೇನಿ, ಹತ್ತರ ಒಳಗ ಬಂದ್ರ ಚೊಲೋ, ಆಮ್ಯಾಲ ಅಲ್ಲಿ ಗದ್ದಲ ಆಗತೈತಿ.