ಚೆಂಡು ಹಿಚುಕಿದ್ರ ನೆನಪು ಬರತದಂತ: ಮನಿ ಗುಂಪಿನ್ಯಾಗಿನ ವಾದ

ಹುಬ್ಬಳ್ಳಿ ಕಾಕಾ: [ಹಲವು ಬಾರಿ ಫಾರ್ವರ್ಡ್ ಆಗಿದೆ] ತಲೆಗೆ ಪೆಟ್ಟಾದವರಿಗೆ ಸಂಜೀವಿನಿ! ದಿನಾ 500 ಸಲ ರಬ್ಬರ್ ಚೆಂಡು ಹಿಚುಕಿ, 7 ಅಕ್ರೋಟ್ ತಿನ್ನಿ. 21 ದಿನದಲ್ಲಿ ಕೈಗೆ ಬಲ, ನೆನಪು ವಾಪಸ್. ಎಲ್ಲರಿಗೂ ಕಳಿಸಿ.

ಹುಬ್ಬಳ್ಳಿ ಕಾಕಾ: ತಲಿಗೆ ಪೆಟ್ಟಾದ ನಮ್ಮ ಸವಣೂರ ತಮ್ಮಗ ಇವತ್ತಿಂದನ ಶುರು ಮಾಡಸ್ರಿ. ಚೆಂಡು ನಾನ ಕಳಸತೀನಿ.

ಬೆಂಗಳೂರ ಅಕ್ಕ: ಯಾರು ಹೇಳಿದ್ದು ಕಾಕಾ? ಆಸ್ಪತ್ರಿ, ಡಾಕ್ಟರ್ ಏನೂ ಬರದಿಲ್ಲ. ಕೊರೊನಾದಾಗೂ ಹಿಂಗ ಕಷಾಯದ್ದು ಕಳಿಸಿದ್ರಿ.

ಹುಬ್ಬಳ್ಳಿ ಕಾಕಾ: ಆ ಕಷಾಯ ಕುಡದ ನಿಮ್ಮಪ್ಪ ಆರಾಮಾದ. ಅದನ್ನ ಮರತಿ.

ಗದಗ ಅತ್ತಿ: ಹಿರಿಯಾರ ಜೋಡಿ ಹಿಂಗ ಮಾತಾಡಬಾರದವಾ. ಹುಡುಗಗೂ ಮನಸ್ಸಿರಬೇಕು. ಹೇಳೂತನಾ ಏಳಂಗಿಲ್ಲ, ತಾಟಿನ್ಯಾಗ ಅರ್ಧಾ ಅನ್ನ ಬಿಡತಾನ. ಅನ್ನ ಬಿಡೂ ಪದ್ಧತಿ ನಮ್ಮ ಮನ್ಯಾಗಿಲ್ಲ.

ಧಾರವಾಡ ವೈನಿ: ಅತ್ತ್ಯಾರ, ಯಾವ ಅರ್ಧ ಬಿಡತಾನ ನೋಡ್ರಿ. ಎಡಗಡೆದು ಅಷ್ಟ. ಕಣ್ಣು ಚಲೋ ಅದಾವ, ಮಿದುಳಿನ ಬಲಭಾಗಕ್ಕ ಪೆಟ್ಟಾಗಿ ಎಡಕ್ಕ ಗಮನ ಹೋಗವಲ್ದು. ತಾಟಿನ ಎಡ ಅಂಚಿಗೆ ಕೆಂಪು ಟೇಪ್ ಹಚ್ಚಿ, ‘ಕೆಂಪು ಕಾಣೂತನಾ ಹುಡುಕು’ ಅನ್ರಿ. ಏಳದಿರೂದೂ ಸೋಮಾರಿತನ ಅಲ್ಲ. ಮಿದುಳಿನ ಮುಂದಿನ ಭಾಗಕ್ಕ ಪೆಟ್ಟಾದ್ರ ಕೆಲಸ ಶುರು ಮಾಡೂ ಶಕ್ತೀನ ಕುಗ್ಗತದ. ಗೋಡಿಗೆ ದಿನದ ಪಟ್ಟಿ, ಮೊಬೈಲಿನ್ಯಾಗ ಅಲಾರಂ, ಒಂದು ಸಲಕ್ಕ ಒಂದ ಮಾತು. ಬೈದ್ರ ಏನೂ ಆಗಂಗಿಲ್ಲ.

ಧಾರವಾಡ ವೈನಿ: ಚೆಂಡಂತೂ ಬ್ಯಾಡ ಕಾಕಾ. ಅವನ ಎಡಗೈ ಬೆರಳು ಮೊದಲ ಬಿಗಿಯಾಗಿ ಮುಚ್ಚಿಕೊಂಡಾವ. ಅವಕ್ಕ ಬೇಕಾಗಿದ್ದು ಬಿಚ್ಚೂ ಅಭ್ಯಾಸ, ಹಿಚಕೂದಲ್ಲ. ಅಕ್ರೋಟ್, ನುಂಗುವಾಗ ಕೆಮ್ಮು ಬರತಿದ್ರ ಕೊಡಲೇಬ್ಯಾಡ್ರಿ, ಉಸಿರಿನ ನಾಳಕ್ಕ ಹೋದೀತು.

ಹುಬ್ಬಳ್ಳಿ ಕಾಕಾ: ಫಿಸಿಯೋ ನಡದದಲ್ಲ, ನಿಮ್ಮ ಆಕ್ಯುಪೇಶನಲ್ ಥೆರಪಿ ಬ್ಯಾರೆ ಯಾಕ?

ಧಾರವಾಡ ವೈನಿ: ಆಕ್ಯುಪೇಶನಲ್ ಥೆರಪಿಯೊಳಗ ಅಂಗಿ, ಊಟ, ಸ್ನಾನ, ಅಡಗಿ ತಾನ ಮಾಡಿಕೊಳ್ಳೂ ಹಂಗ ಕಲಿಸತೀವಿ.

ಹಾವೇರಿ ಅಣ್ಣ: ಚೆಂಡು ಅಂದಕೂಡ್ಲೆ ಅಜ್ಜನ ಹಿತ್ತಲ, ಕ್ರಿಕೆಟ್ಟು ನೆನಪಾತು. ಆಟ ಮುಗದ ಮ್ಯಾಲ ಗಿರಮಿಟ್ಟು ಕಲಸಾಂವ ತಮ್ಮನ. ಔಟಾದ್ರ ಒಪ್ಪತಿದ್ದಿಲ್ಲ ನೋಡ್ರಿ ಅಂವ!

ಬೆಂಗಳೂರ ಅಕ್ಕ: ಒಪ್ಪದಾಂವ ನೀನು. ಬ್ಯಾಟ್ ತೊಗೊಂಡು ಮನಿಗೆ ಹೋಗತಿದ್ದಿ.

ಧಾರವಾಡ ವೈನಿ: ಅದ ಗಿರಮಿಟ್ಟು ಮಾಡಸ್ರಿ ಈಗ, ಕೈಗೆ ರೂಢಿ ಇದ್ದ ಕೆಲಸ. ಗೊಜ್ಜು ಕಾಕು ಮೊದಲ ಮಾಡಿಡಲಿ. ಒಲಿ, ಈಳಿಗಿ ಸದ್ಯ ಅವನ ಹತ್ರ ಬ್ಯಾಡ, ಎಡಗೈ ಸುಟ್ಟರೂ ಲಕ್ಷ್ಯಕ್ಕ ಬರಂಗಿಲ್ಲ. ಬೋಗುಣಿ ಕೆಳಗ ಹಸಿ ಅರವಿ ಹಾಸ್ರಿ, ಜಾರಂಗಿಲ್ಲ. ಎಡ ಅಂಗೈ ಬೋಗುಣಿ ಅಂಚಿನ ಮ್ಯಾಲ ಒತ್ತಿ ಇಡಸ್ರಿ, ಬಲಗೈಲೆ ಕಲಸಲಿ. ಚುರುಮುರಿ ಡಬ್ಬಿ ಬೇಕಂತನ ಎಡಕ್ಕಿಡ್ರಿ. ಚುರುಮುರಿ, ಗೊಜ್ಜು, ಪುಠಾಣಿ ಹಿಟ್ಟು, ಕೊತ್ತಂಬರಿ: ನಾಕು ಫೋಟೋ ಸಾಲಾಗಿ ಹಚ್ರಿ. ಮೊದಲ ದಿನ ಎಲ್ಲಾ ನೀವ ಮಾಡಿ ಕೊತ್ತಂಬರಿ ಅಷ್ಟ ಅವನ ಕೈಲೆ ಹಾಕಸ್ರಿ. ಅದು ಬಂದ ಮ್ಯಾಲ ಹಿಟ್ಟೂ ಅವನ. ಹಿಂಗ ಕಡೀಕಿಂದ ಹಿಂದಕ್ಕ ಬರ್ರಿ, ದಿನಾ ಕೆಲಸ ಮುಗಿಸಿದಾಂವ ಅವನ ಆಗತಾನ. ಮಾತು ನಿಧಾನಾತು, ಸಿಟ್ಟು ಬಂತು ಅಂದ್ರ ದಣದಾನ. ಅಲ್ಲಿಗೇ ಬಿಡ್ರಿ.

ಸವಣೂರ ಕಾಕು: ಅಂಗಿ ಹಾಕ್ಕೊಳ್ಳಾಕ ಅರ್ಧ ತಾಸು ಹಿಡೀತದವಾ. ನಾನ ಹಾಕಿಬಿಡತೀನಿ.

ಧಾರವಾಡ ವೈನಿ: ಹಿಡೀಲಿ ಕಾಕು, ಅರ್ಧ ತಾಸು ಮೊದಲ ಎಬ್ಬಸ್ರಿ. ಹಾಕುವಾಗ ಸೋತ ಕೈ ಮೊದಲು, ತೆಗೀವಾಗ ಚಲೋ ಕೈ ಮೊದಲು. ಎಡ ರಟ್ಟಿ ಹಿಡದು ಎಳೀಬ್ಯಾಡ್ರಿ, ಭುಜದ ಕೀಲು ಜಾರೀತು.

ಹುಬ್ಬಳ್ಳಿ ಕಾಕಾ: ಆದಿತ್ಯವಾರ ಎಲ್ಲಾರೂ ಬರತೀವಿ.

ಧಾರವಾಡ ವೈನಿ: ಒಂದು ಸಲಕ್ಕ ಇಬ್ಬರ ಬರ್ರಿ, ಟೀವಿ ಆರಸ್ರಿ. ‘ನಾ ಯಾರು ಹೇಳು’ ಅಂತ ಪರೀಕ್ಷಾ ಮಾಡಬ್ಯಾಡ್ರಿ. ತಪ್ಪು ಹೆಸರು ಹೇಳಿದ್ರ ಆ ತಪ್ಪ ತಲ್ಯಾಗ ಕೂಡತದ. ‘ನಾ ಹುಬ್ಬಳ್ಳಿ ಕಾಕಾ’ ಅಂತ ನೀವ ಹೇಳ್ರಿ.

ಸವಣೂರ ಕಾಕು: ಮುಂಜಾನೆ ಹತ್ತಕ್ಕ ಬರ್ರಿ. ಮಧ್ಯಾಹ್ನದ ಮ್ಯಾಲ ದಣದಿರತಾನ.

ಹುಬ್ಬಳ್ಳಿ ಕಾಕಾ: ಮೊದಲ ಇಬ್ಬರು ಯಾರು? ಗೃಹಪ್ರವೇಶಕ್ಕೂ ನಮಗ ಎಲ್ಲಾರಕಿಂತ ಕಡೀಕ ಹೇಳಿದ್ರಿ.

ಗದಗ ಅತ್ತಿ: ನಾ ಹಿರಿಯಾಕಿ, ನಾ ಮೊದಲು. ಕೆಂಪು ಟೇಪ್ ನಾನ ತರತೀನಿ.