ಮಡಿಕೇರಿಗೆ ಒಂದೇ ರಾತ್ರಿ: ಅಪ್ಪ ಅವ್ವನಿಗೆ ಏನು ತೋರಿಸೋದು, ಏನು ಬಿಡೋದು?

ಪಾಂಡವಪುರದವಳು

ಎಲ್ರಿಗೂ ನಮಸ್ಕಾರ. ನವೆಂಬರ್ ಕೊನೇ ವಾರ ಮಡಿಕೇರಿಗೆ ಹೋಗಬೇಕು ಅಂತಿದೀವಿ. ಶನಿವಾರ ಬೆಳಗ್ಗೆ ಹೊರಟು ಭಾನುವಾರ ರಾತ್ರಿಯೊಳಗೆ ಮನೆ ಸೇರ್ಕೋಬೇಕು. ನಾನು, ಆರನೇ ಕ್ಲಾಸಿನ ಮಗ, ಅಪ್ಪ, ಅವ್ವ. ಅಪ್ಪನಿಗೆ ಎಪ್ಪತ್ತು ದಾಟಿದ್ರೂ ದಿನಾ ಗದ್ದೆ ಬದುವಿನ ಮೇಲೆ ಓಡಾಡೋ ಜೀವ. ಅವ್ವನಿಗೆ ಮಂಡಿ ನೋವು. ಸಮತಟ್ಟು ನೆಲದಲ್ಲಿ ಎಷ್ಟು ದೂರ ಆದ್ರೂ ನಡೀತಾರೆ, ಮೆಟ್ಟಿಲು ಇಳಿಯೋದು ಅಂದ್ರೆ ಪಾಡು ಪಡ್ತಾರೆ.

ಇಬ್ಬರೂ ಜೀವಮಾನ ಪೂರ್ತಿ ನಾಲೆ ನೀರಲ್ಲಿ ಭತ್ತ, ಕಬ್ಬು ಬೆಳೆದವರು. ಕೊಡಗಿನ ಕಡೆ ತಲೆ ಹಾಕಿಲ್ಲ. ಯಾರನ್ನ ಕೇಳಿದ್ರೂ ಅಬ್ಬಿ, ದುಬಾರೆ, ಮಾಂದಲಪಟ್ಟಿ, ನಿಸರ್ಗಧಾಮ, ಗೋಲ್ಡನ್ ಟೆಂಪಲ್ ಅಂತ ಒಂದೇ ಉಸಿರಿಗೆ ಹೇಳ್ತಾರೆ. ಅಷ್ಟೂ ಸುತ್ತಿದ್ರೆ ಅವ್ವ ಕಾರಿನಲ್ಲೇ ಕೂತಿರಬೇಕಾಗುತ್ತೆ, ಅದಕ್ಕೆ ನನಗೆ ಮನಸ್ಸಿಲ್ಲ. ಯಾವುದು ಬಿಟ್ರೆ ನಷ್ಟ ಇಲ್ಲ ಹೇಳಿ. ಕಾರು ಒಳ್ಳೇದಾ, ಬಸ್ಸಾ? ಇನ್ನೊಂದು, ಅಪ್ಪನಿಗೆ ರಾತ್ರಿ ಊಟಕ್ಕೆ ಮುದ್ದೆ ಇಲ್ದೆ ಆಗಲ್ಲ. ಅಲ್ಲಿ ಸಿಗುತ್ತಾ?

ಹಿನಕಲ್ ಹುಡುಗ

ಅಕ್ಕ, ವಯಸ್ಸಾದವರು ಇದ್ದಾರಲ್ಲ, ಕಾರೇ ತಗೊಂಡು ಹೋಗಿ. ಮೈಸೂರು ಊರೊಳಗೆ ಬರೋದೇ ಬೇಡ. ರಿಂಗ್ ರೋಡ್ ಹಿಡಿದು ಹಿನಕಲ್ ಹತ್ರ ಹುಣಸೂರು ರೋಡಿಗೆ ತಿರುಗಿ. ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ಸುಂಟಿಕೊಪ್ಪ, ಆಮೇಲೆ ಮಡಿಕೇರಿ. ಮೈಸೂರಿಂದ 120 ಕಿಲೋಮೀಟರ್ ಆಸುಪಾಸು. ಕುಶಾಲನಗರದವರೆಗೆ ರಸ್ತೆ ಸಲೀಸು, ಸುಂಟಿಕೊಪ್ಪ ಆದಮೇಲೆ ತಿರುವು ಜಾಸ್ತಿ. ವಾಂತಿ ಆಗೋರಿದ್ರೆ ಮುಂದೆ ಕೂರಿಸಿ.

ಬಸ್ಸೇ ಅಂದ್ರೆ ಮೈಸೂರು ಗ್ರಾಮಾಂತರ ಬಸ್ ನಿಲ್ದಾಣದಿಂದ ಸಿಗುತ್ತೆ. ಕೆಂಪು ಬಸ್ಸಲ್ಲಿ ನಿಮಗೂ ಅವ್ವನಿಗೂ ಶಕ್ತಿ ಯೋಜನೆ ಇದೆ, ಆಧಾರ್ ಇಟ್ಕೊಳ್ಳಿ. ಆದ್ರೆ ಮಡಿಕೇರಿಯಲ್ಲಿ ಇಳಿದಮೇಲೆ ಏರು, ಇಳಿಜಾರಿನ ಬೀದಿಗಳು. ಎಲ್ಲಿಗೆ ಹೋದ್ರೂ ಆಟೋ ಬೇಕಾಗುತ್ತೆ.

ಸರಸ್ವತಿಪುರಂ ಮೇಷ್ಟ್ರು

ಮಡಿಕೇರಿಯ ಹೈಸ್ಕೂಲೊಂದರಲ್ಲಿ ಬಹಳ ವರ್ಷ ಸಮಾಜ ಪಾಠ ಮಾಡಿದವನು ನಾನು. ನೋಡಮ್ಮ, ನಾಲೆ ನೀರಲ್ಲಿ ಬೇಸಾಯ ಮಾಡಿದ ಅಪ್ಪನನ್ನ ಕೊಡಗಿಗೆ ಕರ್ಕೊಂಡು ಹೋಗ್ತಿದ್ದೀರಿ ಅಂದಮೇಲೆ ಆ ನೀರಿನ ಜಾಡು ಹಿಡಿದೇ ಹೋಗಿ. ಶನಿವಾರ ಮಡಿಕೇರಿ ಊರು, ಭಾನುವಾರ ಬೆಳಗ್ಗೆ ತಲಕಾವೇರಿ. ಮಿಕ್ಕಿದ್ದೆಲ್ಲ ಬಿಡಿ.

ಅಬ್ಬಿ ಚೆಂದದ ಜಲಪಾತವೇ. ಆದರೆ ಕಾಫಿ ತೋಟದ ನಡುವೆ ಮೆಟ್ಟಿಲು ಇಳಿದು ಹೋಗಬೇಕು, ಅಷ್ಟನ್ನೂ ಮತ್ತೆ ಹತ್ತಬೇಕು. ನಿಮ್ಮ ತಾಯಿಗೆ ಆಗೋದಲ್ಲ. ಮಾಂದಲಪಟ್ಟಿಯ ಜೀಪಿನ ಕುಲುಕಾಟವಂತೂ ಆ ಮಂಡಿಗೆ ಬೇಡವೇ ಬೇಡ. ದುಬಾರೆಗೆ ಹೋದರೆ ಅರ್ಧ ದಿನ ಅಲ್ಲೇ ಹೋಗುತ್ತೆ.

ಹುಣಸೂರಲ್ಲಿ ಸೇತುವೆ ದಾಟ್ತೀರಲ್ಲ, ಅದು ಲಕ್ಷ್ಮಣತೀರ್ಥ. ಕೊಡಗಿನಲ್ಲೇ ಹುಟ್ಟಿ ಬಂದು ನಿಮ್ಮ ಕೆಆರ್‌ಎಸ್ ಸೇರೋ ಹೊಳೆ. ಮುಂದೆ ಕುಶಾಲನಗರದ ಅಂಚಿಗೆ ಸಿಗೋ ಸೇತುವೆ ಕೆಳಗೆ ಹರಿಯೋದು ಸಾಕ್ಷಾತ್ ಕಾವೇರಿ, ಅದನ್ನ ದಾಟಿದರೆ ಕೊಡಗು ಜಿಲ್ಲೆ. ಎರಡು ಕಡೆಯೂ ಅಪ್ಪನಿಗೆ ತೋರಿಸಿ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಕಾಗಿಲ್ಲ.

ನಡುವೆ ಪಿರಿಯಾಪಟ್ಟಣ ಬರುತ್ತೆ. ಅಲ್ಲಿ ಮಗನಿಗೆ ಒಂದು ಕತೆ ಹೇಳಿ. ಕೊಡಗಿನ ದೊಡ್ಡವೀರರಾಜೇಂದ್ರನನ್ನ ಟಿಪ್ಪು ಸೆರೆಯಲ್ಲಿಟ್ಟಿದ್ದು ಈ ಊರಿನಲ್ಲೇ. 1788ರಲ್ಲಿ ಅವನು ಇಲ್ಲಿಂದ ತಪ್ಪಿಸಿಕೊಂಡು ಕೊಡಗು ಸೇರಿ, ಜನ ಕಟ್ಟಿಕೊಂಡು, ರಾಜ್ಯವನ್ನ ಮರಳಿ ಗೆದ್ದ. ಅದೇ ರಾಜನ ಗದ್ದುಗೆಯ, ಅಂದರೆ ಸಮಾಧಿಯ ಮುಂದೆ ಅವತ್ತು ಮಧ್ಯಾಹ್ನ ನಿಮ್ಮ ಹುಡುಗ ನಿಂತಿರ್ತಾನೆ. ನನ್ನ ವಿದ್ಯಾರ್ಥಿಗಳಿಗೆ ಪಾಠದಲ್ಲಿ ಹೇಳಿದ್ದಕ್ಕಿಂತ ಆ ಜಾಗದಲ್ಲಿ ನಿಲ್ಲಿಸಿ ಹೇಳಿದ್ದೇ ನೆನಪಲ್ಲಿ ಉಳೀತಿತ್ತು.

ಊರು ಸೇರಿದ ಕೂಡಲೇ ಕೋಟೆ ನೋಡಿ. ಹಾಲೇರಿಯಿಂದ ರಾಜಧಾನಿಯನ್ನ ಇಲ್ಲಿಗೆ ತಂದವನು ಮುದ್ದುರಾಜ, 1681ರಲ್ಲಿ. ಟಿಪ್ಪು ಕಾಲದಲ್ಲಿ ಇದು ಕಲ್ಲಿನ ಕೋಟೆಯಾಯಿತು, ಜಾಫರಾಬಾದ್ ಅನ್ನೋ ಹೆಸರೂ ಬಂತು. ಒಳಗಿನ ಅರಮನೆಯನ್ನ 1812ರಿಂದ 1814ರವರೆಗೆ ಹೊಸದಾಗಿ ಎಬ್ಬಿಸಿದವನು ಲಿಂಗರಾಜೇಂದ್ರ. ಅಂಗಳದ ಮೂಲೆಯಲ್ಲಿ ನಿಜವಾದ ಆನೆಯಷ್ಟೇ ದೊಡ್ಡ ಗಾರೆಯ ಆನೆಗಳು ಎರಡು ನಿಂತಿವೆ, ಮಗ ಅಲ್ಲಿಂದ ಕದಲಲ್ಲ. ಬ್ರಿಟಿಷರ ಹಳೆಯ ಚರ್ಚಿನಲ್ಲಿ ಈಗ ವಸ್ತುಸಂಗ್ರಹಾಲಯ ಇದೆ, ಅರ್ಧ ಗಂಟೆ ಸಾಕು.

ಊಟ ಆದಮೇಲೆ ಮಹದೇವಪೇಟೆಯ ಗದ್ದುಗೆಗೆ ಹೋಗಿ. ಮಡಿಕೇರಿಗೆ ಬರೋರಲ್ಲಿ ಹೆಚ್ಚಿನವರು ಇದನ್ನ ನೋಡದೆ ಹೋಗ್ತಾರೆ ಅನ್ನೋದು ನನಗೆ ಇವತ್ತಿಗೂ ಸಂಕಟ. ದೂರದಿಂದ ನೋಡಿದರೆ ಟಿಪ್ಪು ಸಮಾಧಿ ಇರೋ ಗುಂಬಜ್‌ ಥರ ಕಾಣುತ್ತೆ, ನೀವು ಶ್ರೀರಂಗಪಟ್ಟಣದ ಕಡೆಯವರು, ತಕ್ಷಣ ಹಾಗೇ ಅನ್ನಿಸುತ್ತೆ. ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು. ಹತ್ತಿರ ಹೋಗಿ ಮಾಳಿಗೆಯ ಮೂಲೆಗೆ ಕಣ್ಣು ಹಾಯಿಸಿ, ಅಲ್ಲಿ ಬಸವ ಮಲಗಿದ್ದಾನೆ. ಇವರು ಲಿಂಗಾಯತ ರಾಜರು. ದೊಡ್ಡವೀರರಾಜೇಂದ್ರನೂ ರಾಣಿ ಮಹದೇವಮ್ಮನೂ ಇರೋದು ಒಂದೇ ಸೂರಿನ ಕೆಳಗೆ. ಪಕ್ಕದ್ದು ಲಿಂಗರಾಜೇಂದ್ರನದು, 1820ರಲ್ಲಿ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ್ದು. ಅಪ್ಪನಿಗೆ ಗದ್ದುಗೆ ಕಟ್ಟಿಸಿದ ಆ ಮಗನಿಗೆ ಇಲ್ಲಿ ಜಾಗ ಸಿಗಲಿಲ್ಲ. 1834ರಲ್ಲಿ ಇಂಗ್ಲಿಷರು ಕೊಡಗನ್ನ ನುಂಗಿ ಅವನನ್ನ ಕಾಶಿಗೆ ಸಾಗಹಾಕಿದರು. ಕೊನೆಗೆ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಅಲ್ಲೇ ಮಣ್ಣಾದ. ಟಿಪ್ಪು ವಿರುದ್ಧ ಹೋರಾಡಿದ ಬಿದ್ದಂಡ ಬೋಪು, ಅವನ ಮಗ ಸೋಮಯ್ಯ ಇಬ್ಬರ ಸಮಾಧಿಯೂ ಹತ್ತಿರದಲ್ಲೇ ಇದೆ. ಧಣಿಗಳ ಪಕ್ಕದಲ್ಲಿ ದಂಡಾಳುಗಳಿಗೂ ಜಾಗ ಕೊಟ್ಟ ಕಡೆ ಇದು.

ಅಲ್ಲಿಂದ ಓಂಕಾರೇಶ್ವರ. ಅದೂ 1820ರದ್ದೇ, ಅದೇ ಗುಮ್ಮಟ, ಮಿನಾರುಗಳ ಕಟ್ಟೋಣ. ಮುಂದೆ ಕೊಳ, ಕೊಳದ ನಡುವೆ ಮಂಟಪ. ಅವ್ವನನ್ನ ಆರಾಮಾಗಿ ಕೂರಿಸಿ, ಮಗ ಮೀನು ನೋಡ್ಕೊಂಡಿರ್ತಾನೆ. ಸೂರ್ಯ ಮುಳುಗೋದನ್ನ ನೋಡೋಕೆ ಸಂಜೆ ಐದಕ್ಕೆಲ್ಲ ರಾಜಾಸೀಟ್‌ನಲ್ಲಿ ಇರಿ, ತಡ ಮಾಡಿದರೆ ಜನಜಂಗುಳಿಯ ಬೆನ್ನೇ ಕಾಣೋದು.

ತಲಕಾವೇರಿ ಮಡಿಕೇರಿಯಿಂದ ಸುಮಾರು 45 ಕಿಲೋಮೀಟರ್. ಅಕ್ಟೋಬರ್ 17ರ ಸುಮಾರಿಗೆ ತುಲಾ ಸಂಕ್ರಮಣದ ತೀರ್ಥೋದ್ಭವ, ಅಲ್ಲಿಂದ ಒಂದು ತಿಂಗಳು ಜನವೋ ಜನ. ನೀವು ಹೋಗೋ ಹೊತ್ತಿಗೆ ಅದು ಮುಗಿದಿರುತ್ತೆ, ಒಳ್ಳೇ ವಾರ ಆರಿಸಿದ್ದೀರಿ. ಮೊದಲು ಭಾಗಮಂಡಲದಲ್ಲಿ ಇಳೀರಿ. ಕಾವೇರಿಗೆ ಕನ್ನಿಕೆ ಸೇರೋ ಸಂಗಮ, ಸುಜ್ಯೋತಿ ಗುಪ್ತಗಾಮಿನಿ ಅಂತ ನಂಬಿಕೆ. ಭಗಂಡೇಶ್ವರನ ದರ್ಶನಕ್ಕೆ ಅವ್ವನಿಗೆ ತೊಂದರೆ ಇಲ್ಲ. ಮೇಲೆ ತಲಕಾವೇರಿಯಲ್ಲಿ ಮಾತ್ರ ಮೆಟ್ಟಿಲು ಹತ್ತಬೇಕು, ಕೈ ಹಿಡಿದು ನಿಧಾನಕ್ಕೆ ಕರ್ಕೊಂಡು ಹೋಗಿ. ಅದಕ್ಕೂ ಮೇಲಿನ ಬ್ರಹ್ಮಗಿರಿ ಬೇಡ. ಕಾವೇರಿ ಹುಟ್ಟೋ ಕುಂಡಿಕೆ ಅನ್ನೋದು ಪುಟ್ಟ ಚೌಕ, ಬಗ್ಗಿ ನೋಡಬೇಕು. ಕನ್ನಂಬಾಡಿ ತುಂಬಿದ್ದನ್ನ ನೋಡಿದ ಕಣ್ಣಿಗೆ ಅದು ಎಷ್ಟು ಚಿಕ್ಕದು ಅನ್ನೋದು ನಿಮ್ಮ ತಂದೆಗೆ ಗೊತ್ತಾಗಲಿ.

ಒಂದು ಎಚ್ಚರಿಕೆ. ಆ ವಾರ ಜೋರು ಮಳೆ ಸುದ್ದಿ ಇದ್ರೆ ಪ್ರವಾಸವನ್ನೇ ಮುಂದಕ್ಕೆ ಹಾಕಿ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದದ್ದು, 2020ರಲ್ಲಿ ಬ್ರಹ್ಮಗಿರಿಯೇ ಜರಿದದ್ದು ಆ ಸೀಮೆಯವರು ಮರೆತಿಲ್ಲ.

ಮಡಿಕೇರಿ ಮಗಳು, ಈಗ ವಿಜಯನಗರ ಎರಡನೇ ಹಂತ

ಮೇಷ್ಟ್ರು ಗದ್ದುಗೆ ಬಗ್ಗೆ ಬರೆದದ್ದು ಓದಿ ಖುಷಿಯಾಯ್ತು. ನಮ್ಮ ತವರು ಮನೆ ಅಲ್ಲೇ ಹತ್ತಿರ.

ಊಟದ ವಿಷಯ ನಾನು ಹೇಳ್ತೀನಿ. ಮುದ್ದೆ ಹುಡುಕಿಕೊಂಡು ಅಲೆಯಬೇಡಿ ಅಕ್ಕ, ನಮ್ಮದು ಅಕ್ಕಿ ಸೀಮೆ. ಅಪ್ಪನಿಗೆ ಕಡಂಬುಟ್ಟು ಹಾಕಿಸಿ. ಅಕ್ಕಿ ತರಿಯನ್ನ ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿ ಇಡೋದು. ಮುದ್ದೆ ಉಣ್ಣೋರಿಗೆ ಅದು ಬೇಗ ಒಗ್ಗುತ್ತೆ, ಸಾರಿನಲ್ಲಿ ಅದ್ದಿ ತಿನ್ನಬಹುದು. ಹಂದಿ ತಿನ್ನೋರಾದ್ರೆ ಪಂದಿ ಕರಿ ಜೊತೆ, ಇಲ್ಲಾಂದ್ರೆ ಕೋಳಿ ಸಾರಿನ ಜೊತೆ. ಮಗನಿಗೆ ನೂಪುಟ್ಟು, ಅಂದ್ರೆ ಅಕ್ಕಿ ಶಾವಿಗೆ. ಪಂದಿ ಕರಿಯ ಕಪ್ಪು ಬಣ್ಣ, ಆ ಹುಳಿ ಬರೋದು ಕಾಚಂಪುಳಿಯಿಂದ. ಹಣ್ಣಿನ ರಸವನ್ನ ಕುದಿಸಿ ಕುದಿಸಿ ಗಟ್ಟಿ ಮಾಡಿದ್ದು, ಚಮಚ ಹಾಕಿದ್ರೂ ಬೇಗ ಇಳಿಯಲ್ಲ. ಒಂದು ಸಣ್ಣ ಬಾಟಲಿ ತಂದ್ರೆ ಮನೇಲಿ ಬಹಳ ದಿನ ಬರುತ್ತೆ.

ಉಳಿಯೋ ಜಾಗ ಊರೊಳಗೇ ನೋಡಿ. ಹೋಂಸ್ಟೇ ಫೋಟೋ ನೋಡಿ ಮರುಳಾಗಬೇಡಿ, ಎಷ್ಟೋ ಮನೆಗಳು ತೋಟದೊಳಗೆ ಮಣ್ಣು ರಸ್ತೆ ಕೊನೆಯಲ್ಲಿರ್ತವೆ. ಫೋನ್ ಮಾಡಿ ಮೂರೇ ಮಾತು ಕೇಳಿ: ಕಾರು ಬಾಗಿಲವರೆಗೆ ಬರುತ್ತಾ, ರೂಮು ನೆಲಮಹಡಿಯಲ್ಲಾ, ಬಿಸಿನೀರು ಬೆಳಗ್ಗೆ ಎಷ್ಟು ಹೊತ್ತಿಗೆ. ಸ್ವೆಟರ್, ಕಿವಿ ಮುಚ್ಚೋ ಮಫ್ಲರ್ ಇರಲಿ.

ಪಾಂಡವಪುರದವಳು

ಮೇಷ್ಟ್ರೇ, ನೀವು ಬರೆದದ್ದನ್ನ ಜೋರಾಗಿ ಓದಿ ಹೇಳ್ದೆ. ಅಪ್ಪ ನಾಲೆ ನೀರಿನ ಮಾತು ಬಂದಾಗ ರೇಡಿಯೋ ಆಫ್ ಮಾಡಿ ಹತ್ರ ಬಂದು ಕೂತ್ರು. ತಲಕಾವೇರಿ ಖಾಯಂ. ಅವ್ವ ಮೆಟ್ಟಿಲು ಹತ್ತೇ ಹತ್ತುತೀನಿ ಅಂತಿದ್ದಾರೆ, ನೋಡೋಣ. ತಂಗಿ, ಕಡಂಬುಟ್ಟು ಹೆಸರು ಬರ್ಕೊಂಡಿದೀನಿ. ಕೊನೇ ಪ್ರಶ್ನೆ, ಭಾನುವಾರ ತಲಕಾವೇರಿಯಿಂದ ಮತ್ತೆ ಮಡಿಕೇರಿಗೇ ಬಂದು ವಾಪಸ್ ಹೊರಡಬೇಕಾ?

ಸರಸ್ವತಿಪುರಂ ಮೇಷ್ಟ್ರು

ಬೇಕಿಲ್ಲಮ್ಮ. ಭಾಗಮಂಡಲದಿಂದ ನಾಪೋಕ್ಲು, ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ ಮೇಲೆ ಹುಣಸೂರಿಗೆ ಬರಬಹುದು. ದಾರಿಯುದ್ದಕ್ಕೂ ಕಾಫಿ ತೋಟ, ನಡುನಡುವೆ ಗದ್ದೆ ಬಯಲು. ನವೆಂಬರಲ್ಲಿ ಹಣ್ಣು ಕೆಂಪಗಾಗೋಕೆ ಶುರುವಾಗಿರುತ್ತೆ, ಕೊಯ್ಲೂ ಅಲ್ಲಲ್ಲಿ ಕಾಣಬಹುದು. ತಿತಿಮತಿ ಆದಮೇಲೆ ನಾಗರಹೊಳೆ ಕಾಡಿನಂಚು, ಆನೆ ದಾಟೋ ಜಾಗ, ಗಾಡಿ ನಿಲ್ಲಿಸಬೇಡಿ, ಕತ್ತಲಾಗೋಕೆ ಮುಂಚೆ ದಾಟಿಬಿಡಿ. ಹಾಗಾಗಿ ತಲಕಾವೇರಿಯನ್ನ ಬೆಳಗ್ಗೆ ಹನ್ನೊಂದರೊಳಗೆ ಬಿಡಬೇಕು, ಊಟ ವಿರಾಜಪೇಟೆಯಲ್ಲಿ.