ಚೆನ್ನಾಗಿ ಓಡುವ ಪದ್ಮಿನಿಯ ಇಂಜಿನ್ ಬಿಚ್ಚಬೇಕಾ, ಬೇಡ್ವಾ?

ತೀರ್ಥಹಳ್ಳಿ ಪದ್ಮಿನಿ:
ಎಲ್ಲರಿಗೂ ನಮಸ್ಕಾರ. ಅಪ್ಪ 1984ರಲ್ಲಿ ತಗೊಂಡ ಪ್ರೀಮಿಯರ್ ಪದ್ಮಿನಿ ಈಗ ನನ್ನ ಹತ್ತಿರ ಇದೆ. ಅವರ ಡೈರಿ ಲೆಕ್ಕದಲ್ಲಿ 1,38,000 ಕಿ.ಮೀ. ಓಡಿದೆ. ಇವತ್ತಿನವರೆಗೂ ದಾರಿಯಲ್ಲಿ ಕೈಕೊಟ್ಟಿಲ್ಲ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅರ್ಧ ನಿಮಿಷ ನೀಲಿ ಹೊಗೆ ಬರುತ್ತದೆ. ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಆಕ್ಸಲರೇಟರ್ ಒತ್ತಿದರೆ ಮತ್ತೆ ಹೊಗೆ. 1,500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಹಾಕುತ್ತಿದ್ದೇನೆ. ಇಂಜಿನ್ ಇಳಿಸಿ, ಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಒಳಗೆ ಕೆರೆದು ಅಗಲ ಮಾಡಿಸಿ), ಪಿಸ್ಟನ್, ಬೇರಿಂಗ್ ಎಲ್ಲಾ ಹೊಸದು ಹಾಕೋಣ, 85,000 ರೂಪಾಯಿ ಆಗುತ್ತದೆ ಅಂತ ಗ್ಯಾರೇಜಿನವರು ಹೇಳಿದ್ದಾರೆ. ದುಡ್ಡು ಹೇಗೋ ಹೊಂದಿಸುತ್ತೇನೆ. ಆದರೆ ಓಡುತ್ತಿರುವ ಇಂಜಿನ್ ಬಿಚ್ಚೋಕೆ ಮನಸ್ಸು ಬರ್ತಿಲ್ಲ. ಏನು ಮಾಡಲಿ?

ಮೈಸೂರು ಡಿಲೈಟ್:
ಬಿಚ್ಚಬೇಡಿ ಸರ್. ನೀವು ಹೇಳಿದ ಎರಡೂ ಹೊಗೆ ವಾಲ್ವ್ ಗೈಡಿನದ್ದೇ, ಅಂದರೆ ವಾಲ್ವಿನ ಕಡ್ಡಿ ಓಡಾಡುವ ಕೊಳವೆಯದ್ದೇ ಅನಿಸುತ್ತದೆ. ರಾತ್ರಿಯೆಲ್ಲಾ ಗಾಡಿ ನಿಂತಾಗ ಹೆಡ್ಡಿನ (ಇಂಜಿನ್ನಿನ ಮೇಲ್ಭಾಗದ) ಆಯಿಲ್ ಗೈಡಿನ ಸಂದಿಯಲ್ಲಿ ಕೆಳಗೆ ಜಿನುಗುತ್ತದೆ. ಘಾಟಿಯಲ್ಲಿ ಗೇರ್ ಹಾಕಿಕೊಂಡೇ ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ. ಒಳಗೆ ವ್ಯಾಕ್ಯೂಮ್ ಜಾಸ್ತಿಯಾಗಿ ಅದೇ ಆಯಿಲ್ ಎಳೆದುಕೊಳ್ಳುತ್ತದೆ. ಪಿಸ್ಟನ್ ಸುತ್ತ ಇರುವ ರಿಂಗ್ ಸವೆದಿದ್ದರೆ ಘಾಟಿ ಹತ್ತುವಾಗಲೂ ಹೊಗೆ ಬರಬೇಕಿತ್ತು, ಅಲ್ವಾ?

ನನ್ನದು 1968ರ ಫಿಯಟ್ 1100. ಇಂಜಿನ್ ನಿಮ್ಮದರ ಹಾಗೇ 1089 ಸಿಸಿ. 68 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ). 1937ರಲ್ಲಿ ಇಟಲಿಯಲ್ಲಿ ಬಂದ ಫಿಯಟ್ 508 ಸಿ ಕಾರಿನ ಅಳತೆಯೂ ಇದೇ. ಇಷ್ಟು ವರ್ಷ ಆ ಅಳತೆಯನ್ನೇ ಉಳಿಸಿಕೊಂಡರು ಅಂದರೆ ಇಂಜಿನ್ ಎಷ್ಟು ಗಟ್ಟಿ ನೋಡಿ. ಅಂಥದ್ದನ್ನು ಸುಮ್ನೆ ಕೆದಕಬಾರದು.

ಹುಬ್ಬಳ್ಳಿ 1100:
ನಾನು ಒಪ್ಪಲ್ಲ ರೀ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ಓಡುತ್ತಿದ್ದ ಕಾಲದಲ್ಲಿ ಪಿಸ್ಟನ್, ರಿಂಗ್, ಗ್ಯಾಸ್ಕೆಟ್‌ಗೆ ಪರದಾಡಬೇಕಿರಲಿಲ್ಲ. ಕೊನೆಯ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಹೋದ ತಿಂಗಳು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಮೂರು ಅಂಗಡಿ ಸುತ್ತಿದ ಮೇಲೆ ನನಗೊಂದು ಹೆಡ್ ಗ್ಯಾಸ್ಕೆಟ್ ಸಿಕ್ಕಿತು. ಇನ್ನು ನಮ್ಮ ಮಿಸ್ತ್ರಿಗೆ 70 ದಾಟಿದೆ. ಕಿವಿಯಿಂದಲೇ ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸದ್ದು ಹಿಡಿಯುವ ಮನುಷ್ಯ. ಅವರ ನಂತರ ಈ ಕೆಲಸ ಕಲಿತವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಇಂಜಿನ್ ಪೂರ್ತಿ ಕೆಟ್ಟ ಮೇಲೆ ಹುಡುಕಿಕೊಂಡು ಹೋದರೆ ಪಾರ್ಟೂ ಸಿಗಲ್ಲ, ಪಳಗಿದ ಕೈಯೂ ಸಿಗಲ್ಲ. ಗಾಡಿ ಇನ್ನೂ 30 ವರ್ಷ ಓಡಬೇಕು ಅಂದರೆ ಈಗಲೇ ಮಾಡಿಸಿ.

ಲೇತ್ ಕೆಲಸ:
ಬೋರಿಂಗ್ ಮಿಷನ್ ಮುಂದೆ ನಿಂತು 22 ವರ್ಷ ಆಯಿತು. ಬೋರ್ ಮಾಡಿದರೇ ನನಗೆ ದುಡ್ಡು, ಆದರೂ ಹೇಳುತ್ತೇನೆ. ಅಳತೆ ಇಲ್ಲದೆ ತೀರ್ಮಾನ ಮಾಡಬೇಡಿ. ಒಳ್ಳೆಯ ಬ್ಲಾಕ್‌ಗಳನ್ನು ಸುಮ್ನೆ ತಂದು ಕೆರೆಸುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಒಮ್ಮೆ ಬೋರ್ ಮಾಡಿದರೆ ಆ ಕಬ್ಬಿಣ ವಾಪಸ್ ಬರಲ್ಲ. ಮುಂದೆ ಸ್ಲೀವ್ (ಒಳಗೊಂದು ಹೊಸ ಕೊಳವೆ) ಹಾಕಬೇಕಾಗುತ್ತದೆ.

ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಗೇಜ್ ಇಟ್ಟು ನೋಡಿ. ಇಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು ಸೆಲ್ಫ್ ಹೊಡೆಯಿರಿ. ಆಮೇಲೆ ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿ. ಆಯಿಲ್ ಬಿಟ್ಟಾಗ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್. ಇಂಜಿನ್ ಕಾದ ಮೇಲೆ ಐಡಲ್‌ನಲ್ಲಿ ಆಯಿಲ್ ಪ್ರೆಷರ್ ಲೈಟ್ ಮಿಣುಕುತ್ತದಾ ಅದನ್ನೂ ಹೇಳಿ.

ಬಯಲುಸೀಮೆ:
ಒಂದು ಮಾತು ಸೇರಿಸುತ್ತೇನೆ. ಈಗ ಬಂಕಿನಲ್ಲಿ ಸಿಗುತ್ತಿರುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೇ ಪೆಟ್ರೋಲ್ ಪಂಪಿನ ರಬ್ಬರ್ ಡಯಾಫ್ರಮ್ ಇದಕ್ಕೆ ತಡೆಯಲ್ಲ. ನನ್ನ ಗಾಡಿಯಲ್ಲಿ ಅದು ಹರಿದು ಪೆಟ್ರೋಲ್ ಸೀದಾ ಆಯಿಲಿಗೆ ಇಳಿಯಿತು. ಆಯಿಲ್ ನೀರಾಗಿ ಪ್ರೆಷರ್ ಬಿತ್ತು. ಬೇರಿಂಗ್ ಹೋಯಿತು ಅಂದುಕೊಂಡು ನಾನು ಇಂಜಿನ್ ಇಳಿಸುವುದರಲ್ಲಿದ್ದೆ! ಡಿಪ್‌ಸ್ಟಿಕ್ ಮೂಸಿ ನೋಡಿ ಅಣ್ಣಾ.

ತೀರ್ಥಹಳ್ಳಿ ಪದ್ಮಿನಿ:
ಭಾನುವಾರ ಎಲ್ಲಾ ಮಾಡಿ ನೋಡಿದೆ. ಪೆಟ್ರೋಲ್ ವಾಸನೆ ಇಲ್ಲ, ಲೈಟ್ ಮಿಣುಕಲಿಲ್ಲ. ಕಂಪ್ರೆಷನ್ 132, 130, 96, 128 ಪಿಎಸ್‌ಐ. ಆಯಿಲ್ ಬಿಟ್ಟ ಮೇಲೆ 142, 139, 101, 138. ಮೂರನೆಯದು ಅಷ್ಟಾಗಿ ಏರಲಿಲ್ಲ.

ಲೇತ್ ಕೆಲಸ:
ಬೇರೆ ಮೂರು ಸುಮಾರು ಹತ್ತು ಏರಿವೆ. ರಿಂಗ್ ಸ್ವಲ್ಪ ಸವೆದಿದೆ, ಈ ವಯಸ್ಸಿಗೆ ಅದು ಸಹಜ. ಮೂರನೆಯದಕ್ಕೆ ಮೊದಲು ಟ್ಯಾಪೆಟ್ ಗ್ಯಾಪ್ ನೋಡಿ. ಟೈಟ್ ಆಗಿದ್ದರೂ ಕಂಪ್ರೆಷನ್ ಬೀಳುತ್ತದೆ. ಸರಿ ಇದ್ದರೆ ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲೆ ಬಂದಾಗ ಗೇರ್, ಹ್ಯಾಂಡ್‌ಬ್ರೇಕ್ ಹಾಕಿ ಪ್ಲಗ್ ತೂತಿನಲ್ಲಿ ಗಾಳಿ ಬಿಡಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ಸಾಕು. ಸೈಲೆನ್ಸರಿನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬೊರೇಟರಿನಲ್ಲಿ ಬಂದರೆ ಇನ್‌ಲೆಟ್. ಆಯಿಲ್ ಹಾಕುವ ಬಾಯಲ್ಲಿ ಬಂದರೆ ರಿಂಗ್.

ತೀರ್ಥಹಳ್ಳಿ ಪದ್ಮಿನಿ:
ಗ್ಯಾಪ್ ಸರಿ ಇದೆ. ಗಾಳಿ ಬಿಟ್ಟರೆ ಸೈಲೆನ್ಸರಿನಲ್ಲಿ ಬುಸ್ ಅನ್ನುತ್ತಿದೆ.

ಮೈಸೂರು ಡಿಲೈಟ್:
ಹಾಗಾದರೆ ಹೆಡ್ ಮಾತ್ರ ಬಿಚ್ಚಿ. ವಾಲ್ವ್, ಗೈಡ್, ಸೀಟ್ ಮಾಡಿಸಿ ಸಾಕು. ಬೇರಿಂಗ್ ತಂಟೆಗೆ ಹೋಗಬೇಡಿ.

ಹುಬ್ಬಳ್ಳಿ 1100:
ಸಾಕಾಗಲ್ಲ ರೀ. ನಾನೂ ಹಾಗೇ ಹೆಡ್ ಮಾತ್ರ ಮಾಡಿಸಿದ್ದೆ. 4,000 ಕಿ.ಮೀ. ಆಗುವಷ್ಟರಲ್ಲಿ ಆಯಿಲ್ ಮೊದಲಿಗಿಂತ ಜಾಸ್ತಿ ಕುಡಿಯೋಕೆ ಶುರುವಾಯಿತು. ಮೇಲೆ ಬಿಗಿಯಾದರೆ ಕೆಳಗಿನ ಹಳೇ ರಿಂಗ್ ತಡೆಯಲ್ಲ. ಕೊನೆಗೆ ಇಂಜಿನ್ ಇಳಿಸಲೇಬೇಕಾಯಿತು, ಗ್ಯಾಸ್ಕೆಟ್, ಕೂಲಿ ಎರಡೆರಡು ಸಲ ಕೊಟ್ಟೆ.

ಲೇತ್ ಕೆಲಸ:
ಹುಬ್ಬಳ್ಳಿ ಸರ್ ಹೇಳಿದ್ದು ನಿಜ, ಹಾಗೆ ಆಗುವುದನ್ನು ನಾನೂ ನೋಡಿದ್ದೇನೆ. ಆದರೆ ನಿಮ್ಮ ಬೋರ್ ಅಳತೆ ಎಷ್ಟಿತ್ತು ಅಂತ ಆಗ ಯಾರಾದರೂ ನೋಡಿದ್ದರಾ? ಹೆಡ್ ಬಿಚ್ಚಿದಾಗ ಸಿಲಿಂಡರಿನ ಮೇಲ್ತುದಿಯಲ್ಲಿ ಉಗುರು ಆಡಿಸಿ. ದೊಡ್ಡ ಅಂಚು ಸಿಕ್ಕರೆ ಸವೆತ ಇದೆ. ಬೋರ್ ಗೇಜ್ ಇಟ್ಟು ಮೇಲೆ, ಕೆಳಗೆ, ಉದ್ದಕ್ಕೆ, ಅಡ್ಡಕ್ಕೆ ಅಳೆಯಿರಿ. ವ್ಯತ್ಯಾಸ 0.10 ಮಿ.ಮೀ. ಒಳಗಿದ್ದರೆ ನಾನು ಮುಟ್ಟಲ್ಲ. 0.15 ದಾಟಿದ್ದರೆ ನಾನೇ ಬೋರ್ ಮಾಡಿಸಿ ಅನ್ನುತ್ತೇನೆ. ನಡುವೆ ಬಂದರೆ ನಿಮ್ಮ ಓಡಾಟ ಎಷ್ಟಿದೆ ನೋಡಿ ತೀರ್ಮಾನ ಮಾಡೋಣ.

ಹುಬ್ಬಳ್ಳಿ 1100:
ನಮ್ಮದು ಅಳೆದಿರಲಿಲ್ಲ, ಅದು ಒಪ್ಪುತ್ತೇನೆ. ಆದರೂ ತೀರ್ಥಹಳ್ಳಿಯವರೇ, ಹೆಡ್ ಮಾತ್ರ ಮಾಡಿಸಿದರೂ ಪಿಸ್ಟನ್ ಸೆಟ್, ಬೇರಿಂಗ್ ಸಿಕ್ಕಿದ ಕಡೆ ತಗೊಂಡು ಎಣ್ಣೆ ಹಚ್ಚಿ ಎತ್ತಿಡಿ.

ತೀರ್ಥಹಳ್ಳಿ ಪದ್ಮಿನಿ:
ಸರಿ, ಮುಂದಿನ ಶನಿವಾರ ಹೆಡ್ ಬಿಚ್ಚಿಸುತ್ತೇನೆ. ಅಳತೆ ಬರೋವರೆಗೂ ಬೇರೇನೂ ಮುಟ್ಟಬೇಡಿ ಅಂತ ಗ್ಯಾರೇಜಿನವರಿಗೆ ಹೇಳಿದ್ದೇನೆ. ಪಕ್ಕದಲ್ಲೇ ನಿಂತಿರುತ್ತೇನೆ.

ಲೇತ್ ಕೆಲಸ:
ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಬಾಗುತ್ತದೆ. ಒಂದು ರಟ್ಟಿನಲ್ಲಿ ಎಂಟು ತೂತು ಮಾಡಿ, ನಂಬರ್ ಬರೆದು, ಪುಶ್‌ರಾಡ್‌ಗಳನ್ನು (ವಾಲ್ವ್ ತೆರೆಯಲು ತಳ್ಳುವ ಕಡ್ಡಿಗಳನ್ನು) ಸಾಲಾಗಿ ಚುಚ್ಚಿಡಿ. ಅದಲುಬದಲಾಗಬಾರದು.

ಹುಬ್ಬಳ್ಳಿ 1100:
ನನ್ನ ಹತ್ತಿರ ಸ್ಟ್ಯಾಂಡರ್ಡ್ ಸೈಜಿನ ರಿಂಗ್ ಸೆಟ್ ಒಂದಿದೆ, ಪ್ಯಾಕೆಟ್ ಒಡೆದಿಲ್ಲ. ನಮ್ಮದು ಬೋರ್ ಆಗಿದೆ, ನನಗಿನ್ನು ಬೇಡ. ಅಳತೆ ಬಂದ ಮೇಲೆ ಬೇಕಾದರೆ ಹೇಳಿ, ಬಸ್ಸಿಗೆ ಹಾಕಿ ಕಳಿಸುತ್ತೇನೆ.